ಅಂತ ಯೋಳ್ಬೇಕಂತೆ

ಹಾಸನದ ಆ ಕೇಬಲ್ ವಾಹಿನಿಯಲ್ಲಿ ಒಂದೇ ಒಂದು ನಿಯಮವನ್ನು ಮಾತ್ರ ಎಲ್ಲರೂ ಶ್ರದ್ಧೆಯಿಂದ ಪಾಲಿಸುತ್ತಿದ್ದರು: ತೆರೆಯ ಮೇಲೆ ಯಾರೂ ಉಗುಳಕೂಡದು. ಸುಳ್ಳು ಹೇಳಬಹುದು, ತಮ್ಮನ್ನು ತಾವೇ ಹೊಗಳಿಕೊಳ್ಳಬಹುದು, ಸನ್ಮಾನ ಮಾಡಲು ಬಂದವರ ಕೈಯಿಂದ ಹಾರ ಕಿತ್ತುಕೊಂಡು ತಾವೇ ಹಾಕಿಕೊಳ್ಳಬಹುದು, ಉಗುಳುವಂತಿಲ್ಲ. ವಾರ್ತೆ ಬರುತ್ತಿದ್ದುದು ರಾತ್ರಿ ಊಟದ ಹೊತ್ತಿಗೆ. ಮುದ್ದೆ ಮುರಿಯುವವರ ಎದುರು ಯಾರದೋ ಎಲೆಯಡಿಕೆ ರಸ ಹಾರಬಾರದು ಎಂಬುದು ಮಾಲೀಕ ಜಯಂತನ ಕಟ್ಟಪ್ಪಣೆ. ಮರ್ಯಾದೆ ಎಂದರೆ ಅವನ ಮಟ್ಟಿಗೆ ಇಷ್ಟೇ ಇತ್ತು, ಆದರೆ ಇದ್ದಷ್ಟು ಗಟ್ಟಿಯಾಗಿತ್ತು.

ಈ ನಿಯಮವನ್ನು ಜಾರಿಗೆ ತರುವ ಕತ್ತರಿ ಇದ್ದದ್ದು ಹಂಸಳ ಕೈಯಲ್ಲಿ. ಹೊಳೆನರಸೀಪುರದ ನರಸಿಂಹಸ್ವಾಮಿ ಗುಡಿಯ ಹಿಂದಿನ ಬೀದಿಯ ಹುಡುಗಿ. ತಂದೆ ಯೋಗಾನರಸಿಂಹ ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು. ಮನೆಯಲ್ಲಿ ಯಾರಾದರೂ ಹಕಾರ ನುಂಗಿದರೆ ಊಟದ ಮಧ್ಯೆಯೇ ತಿದ್ದುವಂಥವರು. ಮಗಳು ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಹಾಸನಕ್ಕೆ ಬಂದು, ಕುಮಾರ್ ಎಂಬ ಕ್ಯಾಮೆರಾದವನು ಹಿಡಿದು ತಂದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಅದಕ್ಕೆ ತನ್ನ ಸ್ವಚ್ಛವಾದ ದನಿಯಲ್ಲಿ ವಾರ್ತೆ ಓದುತ್ತಿದ್ದಳು. ಹಾಸನಕ್ಕೆ ಅದು ಅಂದೇ ರಾತ್ರಿ. ತಾಲ್ಲೂಕುಗಳಿಗೆ ಮಾರನೆಯ ಬೆಳಿಗ್ಗೆ, ಸಂಜೆ ಇನ್ನೊಮ್ಮೆ. ಅರಕಲಗೂಡಿನ ಸಿ.ಡಿ.ಯನ್ನೂ ಚನ್ನರಾಯಪಟ್ಟಣದ ಸಿ.ಡಿ.ಯನ್ನೂ ಬಸ್ಸಿನ ಕಂಡಕ್ಟರುಗಳ ಕೈಗೆ ಕೊಟ್ಟು ಕಳಿಸುತ್ತಿದ್ದರು. ಹೊಳೆನರಸೀಪುರದ್ದನ್ನು ಹಂಸಳೇ ತನ್ನ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಒಯ್ಯುತ್ತಿದ್ದಳು.

ನಮ್ಮ ಸೀಮೆಯ ಜನರ ಮಾತಿಗೆ ಬಾಲ ಜಾಸ್ತಿ. ವಿಷಯ ಅಂಗೈಯಷ್ಟಿದ್ದರೆ ಅದರ ಹಿಂದೆ ಕಣಪ್ಪ, ತಿಳ್ಕಳಿ, ಅಂದ್ಬುಟ್ಟು, ಅಂತೀನಿ, ಅಂತೆ ಎಂದು ಮಾರುದ್ದ ಬರುತ್ತದೆ. ಎಲ್ಲರ ಬಾಲವನ್ನೂ ಉಳಿಸಿಕೊಂಡರೆ ಅರ್ಧ ಗಂಟೆಯ ವಾರ್ತೆಯಲ್ಲಿ ಮೂವರು ಮಾತಾಡಿದರೆ ಮುಗಿಯಿತು. ಹಾಗಾಗಿ ಹಂಸ ಕತ್ತರಿಸುತ್ತಿದ್ದಳು. ಅದಕ್ಕೆ ಆಫೀಸಿನಲ್ಲಿ 'ಬಾಲ ತೆಗೆಯೋದು' ಎಂದೇ ಹೆಸರು. ಅದರಲ್ಲಿ ಅವಳಿಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ? ಒರಟು ಮಾತನ್ನು ತೊಳೆದು ಒಪ್ಪ ಮಾಡಿ ಕೊಡುತ್ತಿದ್ದೇನೆ ಎಂದು ಅವಳು ಮನಸಾರೆ ನಂಬಿದ್ದಳು.

ಎರಡು ಸಾವಿರದ ಏಳನೆಯ ಇಸವಿಯ ಶ್ರಾವಣದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಹೊಸಕೆರೆಕೊಪ್ಪಲಿನಿಂದ ಕುಮಾರ್ ಒಂದು ಟೇಪು ತಂದ. ಆ ಊರಿನ ಕೆರೆಯ ಏರಿಯನ್ನೂ ತೂಬನ್ನೂ ರುದ್ರಯ್ಯನೆಂಬ ಕಂಟ್ರಾಕ್ಟರು ರಿಪೇರಿ ಮಾಡಿದ್ದಾನೆಂದು ಕಾಗದದಲ್ಲಿತ್ತು. ಮಾಡಿಲ್ಲವೆಂದು ಊರವರು ಅರ್ಜಿ ಕೊಟ್ಟಿದ್ದರು. ಸೋಮವಾರ ಹಾಸನದಿಂದ ಎಂಜಿನಿಯರು ಬಂದು ನೋಡುವುದೆಂದು ಗೊತ್ತಾಗಿತ್ತು. ರುದ್ರಯ್ಯ ಬರಿಯ ಕಂಟ್ರಾಕ್ಟರಲ್ಲ, ಮುಂದಿನ ಸಲ ಜಿಲ್ಲಾ ಪಂಚಾಯ್ತಿಗೆ ನಿಲ್ಲುವ ಆಸೆಯಿದ್ದವನು. ಅವನ ಕಡೆಯವರು ಹಿಂದಿನ ದಿನ ಊರಿಗೆ ಬಂದು ಹೋಗಿದ್ದರಿಂದ ಕ್ಯಾಮೆರಾ ಕಂಡದ್ದೇ ಎಲ್ಲರೂ ಬಾಗಿಲು ಹಾಕಿಕೊಂಡರು. ಮಾತಾಡಿದವಳು ಒಬ್ಬಳೇ. ಏರಿಯ ಮೇಲೆ ಒಂಟಿಯಾಗಿ ಮೇಕೆ ಮೇಯಿಸುತ್ತಿದ್ದ ಚಿಕ್ಕಲಕ್ಷ್ಮಮ್ಮ, ಅರವತ್ತು ದಾಟಿದ ಹೆಂಗಸು.

ಹಂಸ ಟೇಪು ಹಾಕಿದಳು. ಹೊಸ ಸೀರೆ, ಕೆಂಪಗಾದ ತುಟಿ, ಕಣ್ಣಲ್ಲಿ ತುಂಟತನ. ಚಿಕ್ಕಲಕ್ಷ್ಮಮ್ಮ ಶಾಲೆಯ ಮಗು ಪಾಠ ಒಪ್ಪಿಸುವಂತೆ ನೆಟ್ಟಗೆ ನಿಂತು ಹೇಳಿದಳು:

"ಏರಿ ಗಟ್ಟಿಯಾಗೈತೆ. ತೂಬು ಸರಿಯಾಗೈತೆ. ರುದ್ರಯ್ಯನೋರು ಒಳ್ಳೆ ಕೆಲ್ಸ ಮಾಡವ್ರೆ. ನಮ್ಗೆ ಯಾವ ತೊಂದ್ರೇನೂ ಇಲ್ಲ."

ಆಮೇಲೆ ಪಕ್ಕಕ್ಕೆ ತಿರುಗಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಪಿಚಕ್ಕನೆ ಉಗುಳಿದಳು.

ಹಂಸ ಅಭ್ಯಾಸಬಲದಿಂದ ಅಲ್ಲಿಗೆ ಕತ್ತರಿಸಿದಳು. ಉಗುಳು ಬಂತು, ತುಂಡು ಮಾಡು. ಕೈಗೆ ಬೇರೆ ಗೊತ್ತಿರಲಿಲ್ಲ. ಈ ಊರವರು ಅರ್ಜಿ ಕೊಟ್ಟು ಈಗ ಹೀಗೇಕೆ ಹೇಳುತ್ತಾರೆ ಎಂದುಕೊಳ್ಳುತ್ತಲೇ ಮುಂದಿನದನ್ನು ಓಡಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಚಿಕ್ಕಲಕ್ಷ್ಮಮ್ಮ ಕ್ಯಾಮೆರಾದತ್ತ ಮುಖ ಮಾಡಿ ಮಾತು ಮುಗಿಸಿದಳು:

"ಅಂತ ಯೋಳ್ಬೇಕಂತೆ! ನೆನ್ನೆ ಬಂದು ಮನೆಮನೆಗೂ ಪಾಠ ಯೋಳ್ಕೊಟ್ಬುಟ್ಟು ಓದ್ರು. ಏರಿ ಮ್ಯಾಲೆ ಒಂದ್ ಬುಟ್ಟಿ ಮಣ್ಣು ಬಿದ್ದಿಲ್ಲ ಕಣಪ್ಪ. ಬಾ, ತೋರುಸ್ತೀನಿ."

ಹಂಸ ಗಟ್ಟಿಯಾಗಿ ನಕ್ಕುಬಿಟ್ಟಳು. ಎಂಥ ಜಾಣ ಮುದುಕಿ! ಇಷ್ಟು ದಿನ ಬಾಲವೆಂದು ತಾನು ಕತ್ತರಿಸುತ್ತಿದ್ದುದರಲ್ಲಿ ಇಂಥ ಜೀವ ಇದ್ದೀತೆಂದು ಅವಳಿಗೆ ಹೊಳೆದಿರಲಿಲ್ಲ. ಉಗುಳುವ ಜಾಗಕ್ಕೆ ಕೆರೆಯ ಚಿತ್ರ ಹಾಕಿ ಮಾತು ಮಾತ್ರ ಮುಂದುವರಿಸಿದರಾಯಿತು, ಎರಡು ನಿಮಿಷದ ಕೆಲಸ. ಕುಮಾರ್ ಏರಿಯ ಬಿರುಕನ್ನೂ ಹಿಡಿದು ತಂದಿದ್ದ. ಅವಳು ಅದನ್ನು ಹುಡುಕುತ್ತಿರುವಾಗ ಜಯಂತ ಒಳಗೆ ಬಂದ. ಮೊದಲ ತುಂಡನ್ನು ಹಾಕಿಸಿ ನೋಡಿದ. ಅವನ ಮುಖ ಅರಳಿತು.

"ಇಲ್ಲಿಗೇ ನಿಲ್ಸಮ್ಮ. ಇಷ್ಟೇ ಸಾಕು."

"ಇನ್ನೂ ಇದೆ ಸರ್. ಆಮೇಲೆ 'ಅಂತ ಹೇಳಬೇಕಂತೆ' ಅಂತಾರೆ. ಅದನ್ನ ತೆಗೆದರೆ ಅರ್ಥ ಪೂರಾ ಉಲ್ಟಾ ಆಗುತ್ತೆ."

"ಉಗುಳಿದಾರೆ ತಾನೆ? ಉಗುಳಿದ ಮೇಲೆ ಕಟ್. ರೂಲ್ಸ್ ಅಂದ್ರೆ ರೂಲ್ಸು."

"ಸರ್..."

"ನಾವು ಒಂದಕ್ಷರ ಸೇರಿಸಿದ್ವಾ ಹಂಸ? ಅವರದೇ ಬಾಯಿ, ಅವರದೇ ಮಾತು. ದಿನಾ ಅಷ್ಟು ಜನರ ಬಾಲ ತೆಗೀತೀಯಲ್ಲ, ಇವತ್ತೇನು ಹೊಸಾ ಮಡಿ?" ಎಂದವನು ದನಿ ತಗ್ಗಿಸಿದ. "ರುದ್ರಯ್ಯ ಫೋನ್ ಮಾಡಿದ್ರು. ನಮ್ಮ ಕೇಬಲ್ ಯಾವ ಯಾವ ಕಂಬದ ಮೇಲೆ ಯಾರ ದಯದಿಂದ ತೂಗ್ತಿದೆ ಅನ್ನೋದು ನಿನಗೂ ಗೊತ್ತು. ಒಂದು ದಿನದ ಸುದ್ದಿ ಅಷ್ಟೆ. ನಾಳೆ ಮರೆತು ಹೋಗುತ್ತೆ."

ಬಾಗಿಲಲ್ಲಿ ಕುಮಾರ್ ನಿಂತಿದ್ದ. ಹಂಸ ಅವನ ಮುಖ ನೋಡಿದಳು. ಅವನು ಅರಕಲಗೂಡು ಕಡೆಯ ರೈತರ ಮಗ, ಆ ಮುದುಕಿಯ ಮಾತು ಅವಳಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ಅವನೋ ಕ್ಯಾಮೆರಾದ ವೈರು ಸುತ್ತುತ್ತ, "ಇಡ್ಯೋದು ನನ್ ಕೆಲ್ಸ ಮೇಡಂ. ಕತ್ರಿ ನಿಮ್ದು," ಎಂದು ಹೊರಗೆ ಹೋದ.

ಹಂಸ ಇದ್ದದ್ದನ್ನು ಇದ್ದ ಹಾಗೇ ಬಿಟ್ಟಳು. ಅವಳು ಏನನ್ನೂ ಮಾಡಲಿಲ್ಲ, ಮಾಡಬೇಕಾದದ್ದನ್ನು ಮಾಡಲಿಲ್ಲ, ಅಷ್ಟೆ. 'ಹೊಸಕೆರೆಕೊಪ್ಪಲಿನ ಗ್ರಾಮಸ್ಥರು ಕೆರೆ ಕಾಮಗಾರಿಯ ಬಗ್ಗೆ ಸಂತಸ ವ್ಯಕ್ತಪಡಿಸಿದ್ದಾರೆ' ಎಂಬ ವಾಕ್ಯವನ್ನು ಒಂದೂ ತಪ್ಪಿಲ್ಲದೆ ಓದಿದಳು. ಚನ್ನರಾಯಪಟ್ಟಣದ ಸಿ.ಡಿ. ಬಸ್ಸು ಹತ್ತಿತು. ಹೊಳೆನರಸೀಪುರದ್ದು ಅವಳ ಚೀಲದಲ್ಲಿ ಕೂತಿತು. ರೈಲಿನಲ್ಲಿ ಅದನ್ನು ಎರಡು ಸಲ ಹೊರಗೆ ತೆಗೆದಳು. ಕಿಟಕಿಯಾಚೆ ಎಸೆದು ಕಳೆದುಹೋಯಿತು ಎಂದಿದ್ದರೆ ಒಂದು ಊರಾದರೂ ಆ ಸುಳ್ಳಿನಿಂದ ಉಳಿಯುತ್ತಿತ್ತು. ಎಸೆಯಲಿಲ್ಲ. ಸ್ಟೇಷನ್ನಿನಲ್ಲಿ ಕಾದಿದ್ದ ಕೇಬಲ್ ಆಪರೇಟರಿಗೆ ಕೊಟ್ಟು, ಮನೆಗೆ ಹೋಗಿ, ಕೈಕಾಲು ತೊಳೆದು ಊಟಕ್ಕೆ ಕೂತಳು.

ಬೆಳಿಗ್ಗೆ ಯೋಗಾನರಸಿಂಹರು ಕಾಫಿಯ ಲೋಟ ಹಿಡಿದು ಮಗಳ ವಾರ್ತೆ ನೋಡಲು ಕೂತರು. ಒಂದು ದಿನವೂ ತಪ್ಪಿಸಿದವರಲ್ಲ. ಚಿಕ್ಕಲಕ್ಷ್ಮಮ್ಮ ಬಂದು ಹೋದಾಗ ಲೋಟ ಕೆಳಗಿಟ್ಟರು.

"ಈಕೆ ಇನ್ನೂ ಮುಗಿಸಿಲ್ಲವಲ್ಲೇ."

"ಏನಪ್ಪ?"

"ಕೊನೆಯ ಮಾತಿಗೆ ದನಿ ಇಳಿದೇ ಇಲ್ಲ. ಬೇರೆಯವರ ಮಾತನ್ನು ಒಪ್ಪಿಸುವಾಗ ಹೀಗೆ ಎಳೆದು ನಿಲ್ಲಿಸ್ತಾರೆ. ಮುಂದೆ ಒಂದು 'ಅಂತ' ಬರಬೇಕು. ಎಲ್ಲಿ ಹೋಯ್ತು ಅದು?"

"ಅಲ್ಲಿಗೆ ಟೇಪು ಮುಗಿದುಹೋಗಿತ್ತಪ್ಪ," ಎಂದಳು ಹಂಸ.

"ಹಾಗೋ," ಎಂದು ಅವರು ಕಾಫಿಯನ್ನು ಕೈಗೆತ್ತಿಕೊಂಡರು. ಮಗಳು ಹೇಳಿದ ಮೇಲೆ ಇನ್ನೇನು? ಅವರ ಆ ನಂಬಿಕೆಯೇ ಅವಳನ್ನು ಹೆಚ್ಚು ಸುಟ್ಟಿತು. ಬೈದಿದ್ದರೆ ಎದುರು ವಾದಿಸಿಯಾದರೂ ಹಗುರಾಗುತ್ತಿದ್ದಳು.

ಸೋಮವಾರ ಎಂಜಿನಿಯರು ಹೊಸಕೆರೆಕೊಪ್ಪಲಿಗೆ ಬರಲಿಲ್ಲ. ಗ್ರಾಮಸ್ಥರೇ ತೃಪ್ತಿ ಸೂಚಿಸಿರುವುದರಿಂದ ಪರಿಶೀಲನೆ ಅನಗತ್ಯವೆಂದು ಬರೆದು ಕೈತೊಳೆದುಕೊಂಡರು. ಊರು ಭುಗಿಲೆದ್ದಿತು. ರುದ್ರಯ್ಯನ ಮೇಲಲ್ಲ; ಅವನು ಕೈಗೆ ಸಿಗುವವನಲ್ಲ. ಕೈಗೆ ಸಿಗುವ ಚಿಕ್ಕಲಕ್ಷ್ಮಮ್ಮನ ಮೇಲೆ. ಏರಿಯ ಮೇಲೆ ಅವಳ ಮಾತು ಕೇಳಿದವರು ಕುಮಾರ್ ಬಿಟ್ಟರೆ ಯಾರೂ ಇರಲಿಲ್ಲ. ಟೀವಿಯಲ್ಲಿ ಅವಳ ಬಾಯಿ ಆಡಿದ್ದನ್ನು ಊರಿಗೆ ಊರೇ ಕಂಡಿತ್ತು. ಗೌರಿಹಬ್ಬಕ್ಕೆಂದು ಅಳಿಯ ಮುಂಚಿತವಾಗಿ ತಂದುಕೊಟ್ಟ ಸೀರೆಯನ್ನು ಅವಳು ಅಂದು ಉಟ್ಟಿದ್ದಳಲ್ಲ, ಅದು ರುದ್ರಯ್ಯ ಕೊಟ್ಟ ಸೀರೆಯಾಯಿತು. ಇದೆಲ್ಲ ಹಂಸಳ ಕಿವಿಗೆ ಬಿದ್ದದ್ದು ಕುಮಾರನಿಂದ. ಅವನು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಆ ಊರಿನ ಇಬ್ಬರಿಗೆ ನಿಜ ಹೇಳಲು ಹೋಗಿ, "ನೀವೂ ನೀವೂ ಸೇರ್ಕಂಡು ಇನ್ನೊಂದ್ ಕತೆ ಕಟ್ಬೇಡ್ರಲಾ," ಎಂದು ಬೈಸಿಕೊಂಡು ಬಂದಿದ್ದ.

"ಟೇಪಾದರೂ ಇದೆಯಾ ಕುಮಾರ್?"

"ಎಲ್ಲೈತೆ ಮೇಡಂ? ಅದ್ರ ಮ್ಯಾಲೇ ಅರಕಲಗೂಡಲ್ಲಿ ಒಂದು ನಾಮಕರಣ ತೆಗ್ದೆ."

ಆಫೀಸಿನಲ್ಲಿದ್ದ ಟೇಪುಗಳೇ ಕೆಲವು, ಅವನ್ನೇ ತಿರುಗಿಸಿ ತಿರುಗಿಸಿ ಬಳಸುತ್ತಿದ್ದರು. ಕಂಪ್ಯೂಟರಿನಲ್ಲಿ ಇದ್ದದ್ದನ್ನೂ ವಾರ್ತೆ ಮುಗಿದ ಮೇಲೆ ಅಳಿಸುತ್ತಿದ್ದರು. ಈಗ ಆ 'ಅಂತ' ಎಂಬುದು ಲೋಕದಲ್ಲಿ ಉಳಿದಿದ್ದರೆ ಹಂಸ ಮತ್ತು ಕುಮಾರರ ನೆನಪಿನಲ್ಲಿ ಮಾತ್ರ.

ಅಂದೇ ಆ ಮುದುಕಿಯ ಬಳಿಗೆ ಹೋಗಬೇಕಿತ್ತು ಅವಳು. ಹಾಸನದಿಂದ ಒಂದು ಬಸ್ಸು, ಇಳಿದರೆ ಆಟೋ. ಅದೇನು ಸಮುದ್ರ ದಾಟುವ ಮಾತಲ್ಲ. ಮುಂದಿನ ವಾರ ಎಂದಳು. ದಸರಾ ಮುಗಿಯಲಿ ಎಂದಳು. ಮುಖ ತೋರಿಸಲು ಹೆದರಿದವರಿಗೆ ಪಂಚಾಂಗದಲ್ಲಿ ಒಂದೂ ಒಳ್ಳೆಯ ದಿನ ಸಿಗುವುದಿಲ್ಲ.

ಹಿಂಗಾರು ಮಳೆ ಜೋರಾಯಿತು. ಒಂದು ಮಧ್ಯಾಹ್ನ ಹೊಸಕೆರೆಕೊಪ್ಪಲಿನ ಏರಿ ತೂಬಿನ ಬಳಿ ಕಿತ್ತುಕೊಂಡಿತು. ಜೀವ ಹೋಗಲಿಲ್ಲ, ಪುಣ್ಯ. ಆದರೆ ಕೆರೆಯ ಕೆಳಗಿನ ಭತ್ತವೆಲ್ಲ ಮರಳಿನಡಿ ಮಲಗಿತು. ಆ ಸುದ್ದಿಯನ್ನೂ ಹಂಸಳೇ ಓದಬೇಕಾಯಿತು. ಅದರ ಕೊನೆಗೆ ಅಧಿಕಾರಿಗಳ ಹೇಳಿಕೆಯಿತ್ತು: 'ಏರಿ ಭದ್ರವಾಗಿದೆಯೆಂದು ಸ್ವತಃ ಗ್ರಾಮಸ್ಥರೇ ಈ ಹಿಂದೆ ತಿಳಿಸಿದ್ದರು.' ಅಷ್ಟು ವರ್ಷದಲ್ಲಿ ಮೊದಲ ಸಲ ಅವಳ ನಾಲಿಗೆ ತೊದಲಿತು. ಜಯಂತ ಮತ್ತೊಮ್ಮೆ ಓದಿಸಿದ.

ಮಾರನೆಯ ದಿನ ನಿಜವನ್ನು ವಾರ್ತೆಯಲ್ಲೇ ಹೇಳೋಣ ಎಂದು ಅವಳು ಕೇಳಿದಳು. ಜಯಂತ ಕೈಮುಗಿದು ನಕ್ಕ. ಆಗ ಅವಳು ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿಗೆ ಹೋದಳು. ಆಗಿನ ಆರ್ಕುಟ್ ಜಾಲತಾಣದಲ್ಲಿ ಹಾಸನದವರದೊಂದು ಗುಂಪಿತ್ತು. ಊರು ಬಿಟ್ಟವರು, ಊರಲ್ಲೇ ಇದ್ದವರು ಎಲ್ಲ ಅಲ್ಲಿ ಸೇರಿ ಬೆಣ್ಣೆ ದೋಸೆಯಿಂದ ಹಿಡಿದು ಬೈಪಾಸ್ ರಸ್ತೆಯವರೆಗೆ ಜಗಳವಾಡುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ತನ್ನ ಹೆಸರು ಹಾಕಿ, ನಡೆದದ್ದನ್ನೆಲ್ಲ ಬರೆದಳು. ಏನು ಹೇಳಿದರು, ಎಲ್ಲಿ ಕತ್ತರಿಸಿದೆ, ಯಾಕೆ ಸುಮ್ಮನಾದೆ. ಅಲ್ಲಿಯೇ ಕೂತು ನೋಡುತ್ತಿದ್ದಂತೆ ಯಾರು ಯಾರೋ ಉತ್ತರ ಬರೆದರು. ಒಬ್ಬ ಉಗಿದ, ಒಬ್ಬ ಮೆಚ್ಚಿದ, ಒಬ್ಬಳು ಆ ಅಜ್ಜಿಗೆ ಇದನ್ನು ಹೇಳಿದಿರಾ ಎಂದು ಕೇಳಿದಳು. ಹಂಸ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಬೆಳಿಗ್ಗೆ ನೋಡಿದರೆ ಏನೂ ಇರಲಿಲ್ಲ. ಬರೆದದ್ದೂ ಇಲ್ಲ, ಉತ್ತರಗಳೂ ಇಲ್ಲ, ಗುಂಪಿನ ಪಟ್ಟಿಯಲ್ಲಿ ಅವಳ ಹೆಸರೂ ಇಲ್ಲ. ಗುಂಪನ್ನು ನಡೆಸುತ್ತಿದ್ದವನು ರುದ್ರಯ್ಯನ ಕರಪತ್ರಗಳನ್ನು ಅಚ್ಚು ಹಾಕಿಸುವ ಹುಡುಗ ಎಂಬುದು ಆಮೇಲೆ ತಿಳಿಯಿತು. 'ಇದು ಸ್ನೇಹಕ್ಕಾಗಿ ಇರುವ ಜಾಗ, ರಾಜಕೀಯ ಬೇಡ ಅಕ್ಕ' ಎಂದು ಒಂದು ಸಾಲು ಕಳಿಸಿದ್ದ, ಕೊನೆಗೊಂದು ನಗುವ ಮುಖ. ಹಂಸಳಾದರೆ ಬಾಲವನ್ನಷ್ಟೇ ತೆಗೆಯುತ್ತಿದ್ದಳು. ಇವನು ಇಡೀ ಪ್ರಾಣಿಯನ್ನೇ ಮಾಯ ಮಾಡಿದ್ದ. ಕೋಪ ಬಂತು ಅವಳಿಗೆ, ಬಂದಷ್ಟೇ ಬೇಗ ನಾಚಿಕೆಯೂ ಆಯಿತು. ಯಾವ ಬಾಯಿಂದ ಅವನನ್ನು ಬೈಯುವುದು?

ಜಯಂತನಿಗೂ ಸುದ್ದಿ ಮುಟ್ಟಿತ್ತು. "ನಾಳೆಯಿಂದ ಓದೋಕೆ ಬೇರೆಯವರು ಬರ್ತಾರಮ್ಮ," ಎಂದ, ಬೇಸರದಿಂದಲೇ. ಅವಳು ಡಬ್ಬಿ ಎತ್ತಿಕೊಂಡು ಹೊರಟಳು. ಆರ್ಕುಟ್‌ನಲ್ಲಿ ಯಾರೋ ಕೇಳಿದ ಪ್ರಶ್ನೆ ಮಾತ್ರ ಅಳಿಸಿಹೋಗದೆ ತಲೆಯಲ್ಲಿ ಕೂತಿತ್ತು. ಊರಿಗೆಲ್ಲ ಹೇಳಲು ಹೊರಟವಳು, ಹೇಳಬೇಕಾದ ಒಬ್ಬಳಿಗೆ ಇನ್ನೂ ಹೇಳಿರಲಿಲ್ಲ.

ಹೊಸಕೆರೆಕೊಪ್ಪಲು ತಲುಪಿದಾಗ ಬಿಸಿಲು ಏರಿತ್ತು. ಒಡೆದ ಏರಿಯ ಸಂದಿಯಲ್ಲಿ ದನಗಳು ನಡೆದು ಹೋಗುತ್ತಿದ್ದವು. ಚಿಕ್ಕಲಕ್ಷ್ಮಮ್ಮ ತನ್ನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಟೇಪಿನಲ್ಲಿ ಕಂಡ ತುಂಟ ಕಣ್ಣು ಇದೇ ಮುಖದ್ದೋ ಅಲ್ಲವೋ ಎಂದು ಹಂಸಳಿಗೆ ಅನುಮಾನವಾಯಿತು. ಯಾರು, ಎಲ್ಲಿಂದ ಎಂದು ಹೇಳಿಕೊಂಡಾಗ ಮುದುಕಿ ಬೈಯಲಿಲ್ಲ.

"ನಿನ್ ದನಿ ಟೀವೀಲಿ ಕೇಳಿವ್ನಿ ಕಣವ್ವ. ಕೂತ್ಕೋ. ನೀನು ಓದ್ದೋಳು, ಒಂದ್ ಮಾತು ಕೇಳ್ತೀನಿ, ನಗ್ಬ್ಯಾಡ. ವಯಸ್ಸಾದ್ ಮ್ಯಾಲೆ ಆಡಕ್ಕೆ ಓದ ಮಾತು ಅರ್ದ ವಳ್ಗೇ ಉಳ್ಕತದಾ?"

"ಅಂದರೆ ಅಜ್ಜಿ?"

"ನಾನು 'ಅಂತ ಯೋಳ್ಬೇಕಂತೆ' ಅಂದೆ ಅಂತ್ಲೇ ಅನ್ಕಂಡಿದ್ದೆ. ಊರ್ನೋರ್ಗೆಲ್ಲ ಅಂಗೇ ಆಣೆ ಇಟ್ಟೆ. ಆಮ್ಯಾಕೆ ಅವತ್ತು ಸಾಯಂಕಾಲ ಇನ್ನೊಂದು ಕಿತ ಆಕುದ್ರಲ್ಲ ಟೀವೀಲಿ, ಕಣ್ಣಾರೆ ನೋಡ್ದೆ. ನಾನು ಅಂದೇ ಇಲ್ಲ! ಬಾಯಿ ಮುಚ್ಕಂಡ್ಬುಟ್ಟೆ. ಬಾಯಿಗ್ ಬಂದಿದ್ದು ಬಾಯಲ್ಲೇ ನಿಂತ್ಕಬುಟ್ಟದೆ." ಅವಳು ಸುಲಿದ ಕಾಳನ್ನು ಸುಮ್ಮನೆ ಮೊರದಲ್ಲಿ ಆಡಿಸಿದಳು. "ಮದ್ವೆ ಮನೇಲಿ ಸೋಬಾನೆ ಎತ್ಕೊಡೋಳು ನಾನೇಯಾ. ಈಗ ಯಾರೂ ಕರ್ಯಕ್ಕಿಲ್ಲ. ಕರುದ್ರೂ ನಾನು ಓಗಕ್ಕಿಲ್ಲ. ಎತ್ಕೊಟ್ಟ ಪದ ಅರ್ದಕ್ಕೆ ನಿಂತೋದ್ರೆ?"

ಹಂಸ ಬಂದದ್ದು ಬಯ್ಗುಳಕ್ಕೆ ಸಿದ್ಧವಾಗಿ. ಊರು ಮುದುಕಿಯನ್ನು ನಂಬದೆ ಹೋದದ್ದು ಅವಳಿಗೆ ಗೊತ್ತಿತ್ತು. ಆದರೆ ಮುದುಕಿಯೂ ತನ್ನನ್ನೇ ನಂಬದೆ ಹೋಗಿದ್ದಳೆ?

"ನೀವು ಅಂದಿದ್ರಿ ಅಜ್ಜಿ. ಒಂದೂ ಬಿಡದೆ ಅಂದಿದ್ರಿ. ಉಗುಳಿ, ಬಾಯಿ ಒರೆಸಿಕೊಂಡು, 'ಅಂತ ಯೋಳ್ಬೇಕಂತೆ' ಅಂದ್ರಿ. ನಾನು ನನ್ನ ಕೈಯಾರೆ ಅದನ್ನ ಕತ್ತರಿಸಿದೆ. ತಪ್ಪು ಅಂತ ಗೊತ್ತಾದ ಮೇಲೂ ಬಿಟ್ಟೆ."

ಚಿಕ್ಕಲಕ್ಷ್ಮಮ್ಮ ಅವಳನ್ನೇ ನೋಡಿದಳು. "ಅಂದಿದ್ನಾ?"

"ಅಂದಿದ್ರಿ."

"ಪೂರ್ತ?"

"ಪೂರ್ತಿ."

ಮುದುಕಿ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಹಂಸಳ ರಟ್ಟೆ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲಿಗೆ ನಡೆದಳು. "ಮಾದಮ್ಮೋ, ಬಾರೇ ಈಚೆಗೆ! ಟೀವಿಯೋರೇ ಬಂದವ್ರೆ. ನಾನು ಅಂದಿದ್ನಂತೆ ಕಣೇ, ಕತ್ರುಸ್ಬುಟ್ಟವ್ರಂತೆ. ಯೋಳವ್ವ, ಯೋಳು ಇವ್ಳಿಗೆ."

ಚಿಕ್ಕಂದಿನಿಂದ ಜೊತೆಗೆ ನಾಟಿ ಹಾಕಿದ, ಜೊತೆಗೆ ಸೋಬಾನೆ ಹಾಡಿದ ಮಾದಮ್ಮ ಹೊಸಿಲಿನೊಳಗೇ ನಿಂತು ಕೇಳಿದಳು. ಅವಳ ಗದ್ದೆಯೂ ಮರಳಿನ ಕೆಳಗಿತ್ತು. ಹಂಸ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು, ಏನನ್ನೂ ಬಿಡದೆ.

"ಟೀವೀಲಿ ಬರುತ್ತಾ ಇದು?" ಎಂದಳು ಮಾದಮ್ಮ.

"ಇಲ್ಲಮ್ಮ. ನಾನು ಈಗ ಅಲ್ಲಿ ಕೆಲಸದಲ್ಲಿಲ್ಲ."

"ಟೀವೀಲಿ ಬರ್ಲಿ. ಆಗ ನೋಡಾನ." ಮಾದಮ್ಮ ಒಳಗೆ ಹೋದಳು.

ಇಬ್ಬರೂ ಜಗಲಿಗೆ ಹಿಂತಿರುಗಿದರು. ಹಂಸ ಅಳುತ್ತಿದ್ದಳು. ಕ್ಷಮಿಸಿ ಎಂಬುದನ್ನು ಹೇಗೆ ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅದನ್ನು ಆಡಲು ಬಾಯಿ ತೆರೆದಾಗ ಚಿಕ್ಕಲಕ್ಷ್ಮಮ್ಮ ಕೈ ಅಡ್ಡ ಹಿಡಿದಳು. ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಅವರೆಕಾಯಿಯ ಕಡೆಗೇ ನೋಡುತ್ತ ಹೇಳಿದಳು:

"ಅವ್ಳು ನಂಬ್ದಿದ್ರೆ ಓಗ್ಲಿ ಬುಡು. ಊರ್ನೋರು ಬೋದ್ರು, ಅದೂ ಓಗ್ಲಿ. ನೀನು ವಸಿ ಮುಂಚೆ ಬರ್ಬೇಕಿತ್ತು ಕಣವ್ವ. ಇವ್ರೆಲ್ಲ ಬೋಯ್ವಾಗ, ನಾನೂ ಇವ್ರ ಜೊತ್ಗೇ ಸೇರ್ಕಂಡು ನನ್ನ ಬೋದ್ಬುಟ್ಟೆ."